ಕಿಂಡಿಯ ಅಂಕುಡೊಂಕೇ ಮೊದಲ ಕಾವಲು

ಹಾರ್ಡ್‌ವೇರ್ ಅಂಗಡಿಯಲ್ಲಿ ಬೀಗ ಕೊಳ್ಳುವವರನ್ನು ಗಮನಿಸಿ. ಮೊದಲು ಅಂಗೈಯಲ್ಲಿಟ್ಟು ತೂಕ ನೋಡುತ್ತಾರೆ. ಆಮೇಲೆ ಯಾವ ಕಂಪನಿ, ಎಷ್ಟು ಲಿವರ್, ಎಷ್ಟು ಕೀ ಕೊಡುತ್ತೀರಿ ಎಂದು ಕೇಳುತ್ತಾರೆ. ಕೊಂಡಿ ದಪ್ಪಗಿದೆಯೇ ಎಂದು ಬೆರಳಲ್ಲಿ ಜಗ್ಗಿ ನೋಡುವವರೂ ಉಂಟು. ಕೀ ತೂರುವ ಕಿಂಡಿಯೊಳಗೆ ಇಣುಕುವವರು ಮಾತ್ರ ತೀರ ಅಪರೂಪ. ಕೀ ಇಲ್ಲದೆ ಬೀಗ ಬಿಚ್ಚಬಲ್ಲ ಕಸುಬುದಾರ ಮೊದಲು ನೋಡುವುದು ಆ ಕಿಂಡಿಯನ್ನೇ. ಒಳಗೆ ಏನಿದೆ ಎಂಬ ಪ್ರಶ್ನೆ ಅವನಿಗೆ ಎರಡನೆಯದು. ಒಳಗೆ ಹೋಗಲು ದಾರಿ ಎಷ್ಟಿದೆ ಎಂಬುದು ಮೊದಲನೆಯದು.

ನಿಮ್ಮ ಕೀಗೊಂಚಲಿನಿಂದ ಮನೆಬಾಗಿಲಿನ ಚಪ್ಪಟೆ ಕೀ ಒಂದನ್ನು ತೆಗೆದು, ಅದರ ತುದಿ ನಿಮ್ಮ ಕಣ್ಣಿಗೆ ನೇರವಾಗಿರುವಂತೆ ಹಿಡಿಯಿರಿ. ಅಂಚಿನ ಹಲ್ಲುಗಳು ಈಗ ಹಿಂದೆ ಸರಿಯುತ್ತವೆ, ಕಾಣುವುದು ಕೀಯ ಅಡ್ಡಕೊಯ್ತ. ಎರಡೂ ಮೈಯಲ್ಲಿ ಉದ್ದಕ್ಕೂ ಕೊರೆದ ತೋಡುಗಳಿಂದಾಗಿ ಅದು ಇಂಗ್ಲಿಷಿನ ಎಸ್ ಅಕ್ಷರದಂತೆಯೋ ಮುರಿದ ಮಿಂಚಿನ ಗೆರೆಯಂತೆಯೋ ಕಾಣುತ್ತದೆ. ಬೀಗದ ಕಿಂಡಿಯೂ ಅದೇ ಆಕಾರದ್ದು. ಕೀಯಲ್ಲಿ ತೋಡು ಇದ್ದಲ್ಲಿ ಕಿಂಡಿಯಲ್ಲಿ ಏಣು ಇರುತ್ತದೆ. ಈ ಏಣುಗಳಿಗೆ ಬೀಗದ ಕಸುಬಿನಲ್ಲಿ ವಾರ್ಡ್ ಎಂದು ಹೆಸರು. ಅಂಚಿನ ಹಲ್ಲುಗಳು ಆ ಒಂದು ಬೀಗದ ಗುಟ್ಟು. ಮೈಮೇಲಿನ ತೋಡುಗಳು ಆ ಮಾದರಿಯ ಸಾವಿರಾರು ಬೀಗಗಳಿಗೆ ಸಮಾನ. ಹಾಗಾಗಿಯೇ ಜನ ಅವನ್ನು ಅಲಂಕಾರ ಎಂದುಕೊಂಡು ಬಿಟ್ಟುಬಿಡುತ್ತಾರೆ. ಬೀಗದ ಭದ್ರತೆಯ ಅರ್ಧ ಕಥೆ ಆ ತೋಡುಗಳಲ್ಲೇ ಇದೆ.

ಇದು ಅರ್ಥವಾಗಬೇಕಾದರೆ ಒಳಗಿನ ಕೆಲಸ ಸ್ವಲ್ಪ ತಿಳಿದಿರಬೇಕು. ಚಪ್ಪಟೆ ಕೀಯ ಬಾಗಿಲು ಬೀಗದಲ್ಲಿ ತಿರುಗುವ ಹಿತ್ತಾಳೆಯ ಒಂದು ಉರುಳೆ ಇರುತ್ತದೆ, ಅದು ಪ್ಲಗ್. ಅದರ ವ್ಯಾಸ ಸುಮಾರು ಅರ್ಧ ಅಂಗುಲ. ಪ್ಲಗ್ ಮತ್ತು ಅದರ ಹೊರಕವಚ ಎರಡನ್ನೂ ಹಾಯ್ದು ಐದೋ ಆರೋ ತೂತುಗಳು ಸಾಲಾಗಿರುತ್ತವೆ. ಪ್ರತಿ ತೂತಿನಲ್ಲೂ ಒಂದರ ಮೇಲೊಂದು ಎರಡು ಪಿನ್, ಅವುಗಳ ಮೇಲೆ ಸ್ಪ್ರಿಂಗ್. ಕೀ ಇಲ್ಲದಾಗ ಮೇಲಿನ ಪಿನ್‌ಗಳು ಅರ್ಧ ಪ್ಲಗ್‌ನಲ್ಲಿ, ಅರ್ಧ ಕವಚದಲ್ಲಿ ಸಿಕ್ಕಿಕೊಂಡು ಪ್ಲಗ್ ತಿರುಗದಂತೆ ತಡೆಯುತ್ತವೆ. ಸರಿಯಾದ ಕೀ ಒಳಹೊಕ್ಕಾಗ ಅದರ ಹಲ್ಲುಗಳು ಪ್ರತಿ ಜೋಡಿಯನ್ನೂ ತಕ್ಕಷ್ಟೇ ಎತ್ತುತ್ತವೆ. ಎಲ್ಲ ಜೋಡಿಗಳ ಸಂದೂ ಪ್ಲಗ್ ಮತ್ತು ಕವಚದ ಗಡಿರೇಖೆಗೆ ಬಂದು ನಿಂತಾಗ ಪ್ಲಗ್ ತಿರುಗುತ್ತದೆ. ಮರದ ಕೀಲುಗಳಿಂದ ಇದೇ ತತ್ವದ ಬೀಗಗಳನ್ನು ಪ್ರಾಚೀನರು ಬಳಸಿದ್ದರು. ಇರಾಕಿನ ಖೊರ್ಸಾಬಾದ್ ಅರಮನೆಯ ಅವಶೇಷಗಳಲ್ಲಿ ಅಂಥದೊಂದು ಸಿಕ್ಕಿದೆ. ಅಮೆರಿಕದ ಲೈನಸ್ ಯೇಲ್ 1848ರಲ್ಲಿ ಅದನ್ನು ಲೋಹಕ್ಕೆ ತಂದ. ಅದೇ ಹೆಸರಿನ ಅವನ ಮಗ 1861 ಮತ್ತು 1865ರ ಪೇಟೆಂಟ್‌ಗಳಲ್ಲಿ ಇಂದು ನಾವು ಬಳಸುವ ಪುಟ್ಟ ಚಪ್ಪಟೆ ಕೀಯ ಬೀಗವನ್ನು ರೂಪಿಸಿದ.

ಲೆಕ್ಕದಲ್ಲಿ ಇದು ಅಭೇದ್ಯ. ಐದು ಪಿನ್, ಒಂದೊಂದಕ್ಕೆ ಹತ್ತು ಎತ್ತರ ಎಂದರೆ ಒಂದು ಲಕ್ಷ ಜೋಡಣೆ. ಆದರೆ ತಯಾರಿಕೆ ಲೆಕ್ಕದಷ್ಟು ನಿಖರವಲ್ಲ. ತೂತುಗಳು ಕೂದಲೆಳೆಯಷ್ಟು ಆಚೀಚೆ ಇರುತ್ತವೆ, ಪಿನ್‌ಗಳ ದಪ್ಪದಲ್ಲೂ ವ್ಯತ್ಯಾಸವಿರುತ್ತದೆ. ಪ್ಲಗ್ ಅನ್ನು ಹಗುರವಾಗಿ ತಿರುಗಿಸಲು ನೋಡಿದರೆ ಎಲ್ಲ ಪಿನ್‌ಗಳೂ ಒಟ್ಟಿಗೆ ಬಿಗಿಯುವುದಿಲ್ಲ. ಮೊದಲು ಒಂದು ಬಿಗಿಯುತ್ತದೆ. ಅದನ್ನು ತಂತಿಯಿಂದ ಎತ್ತಿ ಗಡಿರೇಖೆಗೆ ತಂದರೆ ಪ್ಲಗ್ ಕೂದಲೆಳೆಯಷ್ಟು ತಿರುಗಿ, ಆ ಪಿನ್ ಅಲ್ಲೇ ನಿಂತು, ಇನ್ನೊಂದು ಬಿಗಿಯುತ್ತದೆ. ಒಂದು ಲಕ್ಷದ ಲೆಕ್ಕ ಹೀಗೆ ಐದು ಚಿಕ್ಕ ಲೆಕ್ಕಗಳಾಗಿ ಒಡೆಯುತ್ತದೆ. ಬೀಗ ಪಿಕ್ ಮಾಡುವುದು ಎಂದರೆ ಇಷ್ಟೇ, ಮತ್ತು ಈ ತತ್ವ ಗುಟ್ಟೇನೂ ಅಲ್ಲ. ನೂರೈವತ್ತು ವರ್ಷಗಳಿಗೂ ಹಿಂದಿನಿಂದ ಮುದ್ರಿತ ಪುಸ್ತಕಗಳಲ್ಲಿ ಇದೆ.

ಈ ಕೆಲಸಕ್ಕೆ ಎರಡು ಸಾಧನ ಬೇಕು, ಪ್ಲಗ್ ತಿರುಗಿಸಲು ಒತ್ತಡ ಕೊಡುವ ಒಂದು ಪಟ್ಟಿ ಮತ್ತು ಪಿನ್ ಎತ್ತುವ ಪಿಕ್. ಕೀ ಒಂದೇ ಹೋಗಬೇಕಾದ ಕಿಂಡಿಯಲ್ಲಿ ಎರಡೂ ಒಟ್ಟಿಗೆ ಇರಬೇಕು, ಮತ್ತು ಪಿಕ್ ಅಲ್ಲಿ ಮೇಲೆ ಕೆಳಗೆ ಆಡಬೇಕು. ಇಲ್ಲಿಂದ ಕಿಂಡಿಯ ಆಕಾರದ ಮಾತು ಶುರುವಾಗುತ್ತದೆ.

ಯೇಲ್‌ನ ಮೊದಲ ಕೀಗಳು ತೋಡಿಲ್ಲದ ಚಪ್ಪಟೆ ಲೋಹದ ತುಂಡುಗಳು, ಕಿಂಡಿಯೂ ನೇರವಾದ ಸೀಳು. ನೇರ ಸೀಳಿನಲ್ಲಿ ತಂತಿಗೆ ನೆಲದಿಂದ ಪಿನ್‌ವರೆಗೆ ಅಡ್ಡಿಯಿಲ್ಲದ ದಾರಿ. ಪಿಕ್ ಎಷ್ಟು ಬೇಕಾದರೂ ಏಳಬಹುದು, ಇಳಿಯಬಹುದು, ಓರೆಯಾಗಬಹುದು. ಈ ದೌರ್ಬಲ್ಯ ಬೇಗನೆ ಕಂಡುಬಂತು. ಮೊದಲು ಕಿಂಡಿಯ ಗೋಡೆಗಳಿಗೆ ಚಿಕ್ಕ ಏಣುಗಳು ಬಂದವು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಆ ಏಣುಗಳು ಬೆಳೆದು ಕಿಂಡಿಯ ನಡುಗೆರೆಯನ್ನೇ ದಾಟಿದವು. ಎಡಗೋಡೆಯ ಏಣು ನಡುಗೆರೆ ದಾಟಿ ಬಲಕ್ಕೆ ಚಾಚಿರುತ್ತದೆ, ಅದರ ಕೆಳಗೆ ಬಲಗೋಡೆಯದು ಎಡಕ್ಕೆ ಚಾಚಿರುತ್ತದೆ. ಕಿಂಡಿಯ ಅಡಿಯಿಂದ ಮುಡಿಗೆ ನೆಟ್ಟಗೆ ಒಂದು ಗೆರೆ ಎಳೆದರೆ ಎಲ್ಲಿಯಾದರೂ ಅದು ಲೋಹಕ್ಕೆ ತಾಗಲೇಬೇಕು. ಇಂಥ ಕಿಂಡಿಗೆ ಪ್ಯಾರಾಸೆಂಟ್ರಿಕ್ ಎಂಬ ಹೆಸರು ಬಿತ್ತು.

ಪ್ಯಾರಾಸೆಂಟ್ರಿಕ್ ಕಿಂಡಿಯಲ್ಲಿ ಪಿಕ್ ಆಡಿಸುವುದು ಹಳೆಪೇಟೆಯ ಓಣಿಯ ತಿರುವಿನಲ್ಲಿ ಉದ್ದ ಏಣಿ ತಿರುಗಿಸಿದ ಹಾಗೆ. ಏಣಿ ಗಟ್ಟಿಯಿದೆ, ತೋಳಲ್ಲಿ ಬಲವಿದೆ, ತಿರುಗಿಸಲು ಜಾಗ ಮಾತ್ರ ಇಲ್ಲ.

ಬೀಗದೊಳಗಿನ ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಕಿಂಡಿಯ ಬಾಯಿಯ ಕಡೆಯಿಂದ ಎರಡನೆಯ ಜೋಡಿಯಲ್ಲಿ ಕೆಳಗಿನ ಪಿನ್ ಉದ್ದವಾಗಿದೆ. ಅದರ ತಲೆ ಆಗಲೇ ಗಡಿರೇಖೆಯ ಸಮೀಪ ಇರುವುದರಿಂದ ಒಂದಿಷ್ಟು ಎತ್ತಿದರೆ ಸಾಕು. ಅದರ ಹಿಂದೆ ಮೂರನೆಯದು ಗಿಡ್ಡ ಪಿನ್, ಅದನ್ನು ಬಹಳ ಎತ್ತರಕ್ಕೆ ಏರಿಸಬೇಕು. ಪಿಕ್‌ನ ತುದಿ ಗಿಡ್ಡ ಪಿನ್ನನ್ನು ಮೇಲಕ್ಕೆ ನೂಕುವಾಗ ಪಿಕ್‌ನ ಕಾಂಡ ಮುಂದಿನ ಉದ್ದ ಪಿನ್ನಿಗೆ ತಾಗಬಾರದು. ತಾಗಿ ಅದನ್ನು ಗಡಿ ದಾಟಿಸಿಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ, ಒತ್ತಡ ಸಡಿಲಿಸಿ ಮೊದಲಿಂದ ಶುರು ಮಾಡಬೇಕು. ತಾಗದಿರಲು ಕಾಂಡ ಕೆಳಗೆ ಜಗ್ಗಿ ತುದಿ ಮಾತ್ರ ಮೇಲೇಳಬೇಕು. ನೇರ ಕಿಂಡಿಯಲ್ಲಿ ಕೆಳಗೆ ಜಾಗ ಇದೆ, ಕಾಂಡ ಜಗ್ಗುತ್ತದೆ. ಪಿನ್‌ಗಳ ಕೆಳಗೆ ಸ್ವಲ್ಪವೇ ದೂರದಲ್ಲಿ ಅಗಲವಾದ ಏಣು ಅಡ್ಡಬಂದಿದ್ದರೆ ಅದು ಆಗದು. ಪಿಕ್ ಆ ಏಣು ಮತ್ತು ಪಿನ್ನಿನ ನಡುವಿನ ಸಂದಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಇದರಿಂದ ಹೊರಡುವ ಒಂದು ಮಾತನ್ನು ಒತ್ತಿ ಹೇಳಬೇಕು. ಕಿಂಡಿಯ ಅಂಕುಡೊಂಕಿನ ಫಲ ಪಿನ್‌ಗಳ ಜೋಡಣೆಯನ್ನು ಅವಲಂಬಿಸಿದೆ. ಕೀಯ ಹಲ್ಲುಗಳು ಮೆಲ್ಲನೆ ಇಳಿಯುವ ದಿನ್ನೆಯಂತೆ ಇದ್ದರೆ ಎಂಥ ಕಿಂಡಿಯೂ ತಕ್ಕ ಕೆಲಸ ಮಾಡುವುದಿಲ್ಲ. ಹಲ್ಲುಗಳು ಏಕಾಏಕಿ ಏರಿ ಇಳಿದಿದ್ದರೆ ಸಾಧಾರಣ ಕಿಂಡಿಯೂ ಕಾಡುತ್ತದೆ. ಒಂದೇ ಪೆಟ್ಟಿಗೆಯಿಂದ ಬಂದ ಒಂದೇ ಮಾದರಿಯ ಎರಡು ಬೀಗಗಳಲ್ಲಿ ಒಂದು ನಿಮಿಷದಲ್ಲಿ ಸೋತು ಇನ್ನೊಂದು ಗಂಟೆಗಟ್ಟಲೆ ನಿಲ್ಲುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಸಾಧನದ ಬಲವೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಪಿಕ್‌ನ ದಪ್ಪ ಸುಮಾರು 0.6 ಮಿ.ಮೀ. ಇಕ್ಕಟ್ಟಾದ ಯುರೋಪಿಯನ್ ಕಿಂಡಿಗಳಿಗೆ 0.4 ಮಿ.ಮೀ. ಆಸುಪಾಸಿನ ತೆಳು ಪಿಕ್ ಬೇಕು, ಅದರ ಕಾಂಡವೂ ಸಣ್ಣದಿರಬೇಕು. ಉಕ್ಕಿನ ಪಟ್ಟಿಯೊಂದರ ಬಿಗಿ ಅದರ ಎತ್ತರದ ಘನಕ್ಕೆ ಅನುಗುಣ ಎಂಬುದು ಎಂಜಿನಿಯರಿಂಗ್ ಓದಿದವರಿಗೆ ಗೊತ್ತು. ಕಾಂಡದ ಎತ್ತರ ಅರ್ಧಕ್ಕಿಳಿದರೆ ಬಿಗಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಅಂಥ ಪಿಕ್ ಪಿನ್ನನ್ನು ಎತ್ತುವ ಬದಲು ತಾನೇ ಬಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೆರಳಿಗೆ. ಪಿಕ್ ಮಾಡುವವನಿಗೆ ಒಳಗಿನದು ಕಾಣುವುದಿಲ್ಲ. ಪಿನ್ ಕೂತದ್ದು, ಬಿಗಿದದ್ದು, ಸಡಿಲಾದದ್ದು ಎಲ್ಲವೂ ಲೋಹದ ಮೂಲಕ ಬೆರಳಿಗೆ ಬರುವ ಸಣ್ಣ ಸಣ್ಣ ಸುಳಿವುಗಳು. ಬಾಗುವ ಪಿಕ್, ಏಣುಗಳಿಗೆ ಉಜ್ಜುವ ಪಿಕ್ ಆ ಸುಳಿವುಗಳನ್ನು ಮಸುಕು ಮಾಡುತ್ತದೆ. ಒಳ್ಳೆಯ ಕಿಂಡಿ ಕಳ್ಳನ ಕೈಯನ್ನು ಕಟ್ಟುವುದಕ್ಕಿಂತ ಹೆಚ್ಚಾಗಿ ಅವನ ಸ್ಪರ್ಶವನ್ನು ಕೆಡಿಸುತ್ತದೆ ಎಂದೇ ನನಗೆ ತೋರುತ್ತದೆ.

ಅಮೆರಿಕದ ಮನೆಗಳಲ್ಲಿ ಹೆಚ್ಚು ಕಾಣುವ ಎರಡು ಬೀಗಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕ್ವಿಕ್‌ಸೆಟ್‌ನ ಮಾಮೂಲಿ ಕಿಂಡಿ ಅಗಲ, ಏಣುಗಳು ಮೊಂಡು. ಷ್ಲೇಜ್‌ನ ಮಾಮೂಲಿ ಕಿಂಡಿ ಅದಕ್ಕಿಂತ ಹೆಚ್ಚು ತಿರುವಿನದು, ಹಲ್ಲುಗಳ ಮೆಟ್ಟಿಲೂ ಸಣ್ಣದು. ಮೊದಲನೆಯದರಲ್ಲಿ ಒಂದು ಎತ್ತರಕ್ಕೂ ಇನ್ನೊಂದಕ್ಕೂ ಸುಮಾರು 0.58 ಮಿ.ಮೀ. ಅಂತರ, ಎರಡನೆಯದರಲ್ಲಿ 0.38 ಮಿ.ಮೀ. ಜರ್ಮನಿ, ಆಸ್ಟ್ರಿಯಾದ ಒಳ್ಳೆಯ ಸಿಲಿಂಡರ್‌ಗಳ (ಪ್ಲಗ್ ಮತ್ತು ಕವಚ ಸೇರಿದ ಭಾಗ) ಕಿಂಡಿ ಇವೆರಡನ್ನೂ ಮೀರಿಸುತ್ತದೆ. ಅದರೊಳಗೆ ಬೆಳಕು ಬಿಟ್ಟು ನೋಡಿದರೆ ಪಿನ್‌ಗಳೇ ಸರಿಯಾಗಿ ಕಾಣುವುದಿಲ್ಲ.

ಏಣುಗಳ ಇತಿಹಾಸ ಯೇಲ್‌ಗಿಂತ ಬಹಳ ಹಳೆಯದು, ಮತ್ತು ಅದರಲ್ಲಿ ಒಂದು ದೊಡ್ಡ ಸೋಲಿದೆ. ರೋಮನ್ನರ ಕಾಲದಿಂದ ಹದಿನೆಂಟನೇ ಶತಮಾನದವರೆಗೆ ಯುರೋಪಿನ ಬೀಗಗಳ ಭದ್ರತೆಯೆಲ್ಲ ಏಣುಗಳಲ್ಲೇ ಇತ್ತು. ಬೀಗದ ಒಳಗೆ ಸುತ್ತುಸುತ್ತಾದ ತಡೆಗಳು, ಅವುಗಳಿಗೆ ತಕ್ಕ ಕಚ್ಚುಗಳಿರುವ ಕೀ. ನೋಡಲು ಅದ್ಭುತ ಕುಸುರಿ. ಆದರೆ ತಡೆಗಳು ತಪ್ಪು ಕೀಯನ್ನು ನಿಲ್ಲಿಸುತ್ತಿದ್ದವೇ ಹೊರತು ಸರಿಯಾದ ಕೀಯಿಂದ ಏನನ್ನೂ ಕೇಳುತ್ತಿರಲಿಲ್ಲ. ಹಾಗಾಗಿ ಕೀಯಿಂದ ತಡೆಗೆ ತಾಗಬಹುದಾದ ಭಾಗವನ್ನೆಲ್ಲ ಅರದಿಂದ ಉಜ್ಜಿ ತೆಗೆದು, ಚಿಲಕ ಸರಿಸುವ ತುದಿಯೊಂದನ್ನೇ ಉಳಿಸಿಕೊಂಡರೆ ಆ ಬಡಕಲು ಕೀ ಎಲ್ಲ ತಡೆಗಳನ್ನೂ ನುಣುಚಿಕೊಂಡು ಹೋಗುತ್ತಿತ್ತು. ಸ್ಕೆಲಿಟನ್ ಕೀ ಎಂದರೆ ಇದೇ. ತಡೆ ಎಷ್ಟು ಸಂಕೀರ್ಣವಾಗಿದ್ದರೂ ಕೀ ಅಷ್ಟೇ ಬಡಕಲಾಗುತ್ತಿತ್ತು.

ಹಾಗಾಗಿ ಇಂಗ್ಲೆಂಡಿನ ಬೀಗ ತಯಾರಕರು ಬೇರೆ ದಾರಿ ಹುಡುಕಿದರು. ರಾಬರ್ಟ್ ಬ್ಯಾರನ್ 1778ರಲ್ಲಿ ಲಿವರ್ ಬೀಗಕ್ಕೆ ಪೇಟೆಂಟ್ ಪಡೆದ. ಒಳಗೆ ಕೀ ಎತ್ತುವ ಲೋಹದ ಪಟ್ಟಿಯೇ ಲಿವರ್, ಅದನ್ನು ಕಡಿಮೆ ಎತ್ತಿದರೂ ಹೆಚ್ಚು ಎತ್ತಿದರೂ ಬೀಗ ತೆರೆಯುತ್ತಿರಲಿಲ್ಲ. 1784ರಲ್ಲಿ ಜೋಸೆಫ್ ಬ್ರಾಮಾ ಚಿಕ್ಕ ಕೊಳವೆಯಂಥ ಕೀಯ ಬೀಗ ತಂದ. ಲಂಡನ್ನಿನ ಪಿಕಡಿಲಿಯ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವಿಟ್ಟು, ತೆರೆದವರಿಗೆ 200 ಗಿನಿ ಬಹುಮಾನ ಎಂದು ಬರೆಸಿದ. 1818ರಲ್ಲಿ ಜೆರೆಮಿಯಾ ಚಬ್, ಯಾರಾದರೂ ಪಿಕ್ ಮಾಡಲು ನೋಡಿದರೆ ಸೂಚನೆ ಕೊಟ್ಟು ಕಚ್ಚಿಕೊಳ್ಳುವ ಡಿಟೆಕ್ಟರ್ ಬೀಗ ಮಾಡಿದ. 1851ರ ಮಹಾ ಪ್ರದರ್ಶನಕ್ಕೆ ಲಂಡನ್ನಿಗೆ ಬಂದ ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎರಡನ್ನೂ ತೆರೆದ. ಚಬ್ ಬೀಗಕ್ಕೆ ಅವನಿಗೆ ಹಿಡಿದದ್ದು 25 ನಿಮಿಷ. ಬ್ರಾಮಾ ಬೀಗಕ್ಕೆ 16 ದಿನಗಳಲ್ಲಿ ಹಂಚಿಹೋದ 51 ಗಂಟೆ.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಸಾಮಾನ್ಯವಾಗಿ ಒಳಗಿನ ಯಂತ್ರದ ಗುಣವೆಂದೇ ವಿವರಿಸುತ್ತಾರೆ. ಬ್ರಾಮಾ ಬೀಗದಲ್ಲಿ 18 ಜಾರುಪಟ್ಟಿಗಳಿದ್ದುದು ನಿಜ. ಕಿಂಡಿಯ ಪಾಲನ್ನೂ ಮರೆಯಬಾರದು. ಲಿವರ್ ಬೀಗದ ಕಿಂಡಿ ದೊಡ್ಡದು. ಒಂದು ಸಾಧನದಿಂದ ಚಿಲಕದ ಮೇಲೆ ಒತ್ತಡ ಇಟ್ಟು, ಇನ್ನೊಂದರಿಂದ ಲಿವರ್‌ಗಳನ್ನು ಒಂದೊಂದಾಗಿ ಎತ್ತಲು ಅಲ್ಲಿ ಜಾಗವಿತ್ತು. ಬ್ರಾಮಾನ ಕಿಂಡಿ ಪುಟ್ಟ ದುಂಡು ತೂತು. ಅಲ್ಲಿ ಒತ್ತಡ ಹಿಡಿದಿಡಲು ಹಾಬ್ಸ್ ಬೀಗದ ಸುತ್ತಲಿನ ಮರಕ್ಕೇ ಒಂದು ಉಪಕರಣವನ್ನು ಬಿಗಿಯಬೇಕಾಯಿತು.

ಲಿವರ್ ಬೀಗದವರು ತಮ್ಮ ದೊಡ್ಡ ಕಿಂಡಿಯ ದೌರ್ಬಲ್ಯಕ್ಕೆ ಕಂಡುಕೊಂಡ ಉತ್ತರ ಕರ್ಟನ್. ಕಿಂಡಿಯ ಹಿಂದೆ ಕೀಯೊಂದಿಗೇ ತಿರುಗುವ ಒಂದು ಉರುಳೆ, ಅದಕ್ಕೆ ಒಂದು ಬಿಲ್ಲೆ. ಕೀ ಸ್ವಲ್ಪ ತಿರುಗುತ್ತಿದ್ದಂತೆ ಬಿಲ್ಲೆ ಕಿಂಡಿಯನ್ನು ಮುಚ್ಚಿಬಿಡುತ್ತದೆ. ಎರಡನೆಯ ಸಾಧನಕ್ಕೆ ಬಾಗಿಲೇ ಇಲ್ಲ. ಲಿವರ್‌ಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಕಿಂಡಿಯನ್ನು ಮುಚ್ಚುವುದು ಹೆಚ್ಚು ಜಾಣತನ ಎಂದು ಆ ಕಾಲದವರಿಗೆ ಹೊಳೆದಿತ್ತು. ನಮ್ಮ ಪೇಟೆಯಲ್ಲಿ ಇಂದಿಗೂ ಬೀಗದ ಮೇಲೆ ಲಿವರ್‌ಗಳ ಸಂಖ್ಯೆಯನ್ನೇ ದೊಡ್ಡಕ್ಷರದಲ್ಲಿ ಕೆತ್ತುತ್ತಾರೆ.

ನಮ್ಮ ದೇಶ ಬಹುಮಟ್ಟಿಗೆ ಲಿವರ್ ಬೀಗದ ದೇಶ. ಆರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಕೆ ಶುರುಮಾಡಿದ ಕಾಲದಿಂದಲೂ, ಅಲೀಗಢದ ಗಲ್ಲಿಗಳಲ್ಲೂ, 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ತಮಿಳುನಾಡಿನ ದಿಂಡಿಗಲ್ ಬೀಗಗಳಲ್ಲೂ ಲಿವರಿನದೇ ಕಾರುಬಾರು. ಗಟ್ಟಿ ಬೀಗಗಳು, ಮಳೆ ಬಿಸಿಲಿಗೆ ಬಗ್ಗುವವಲ್ಲ. ದಿಂಡಿಗಲ್ಲಿನ ಹಳೆಯ ಕುಶಲಕರ್ಮಿಗಳು ಕೈಯಲ್ಲೇ ಮಾಡಿದ ಬೀಗಗಳನ್ನು ನಾನು ಗೌರವದಿಂದಲೇ ನೋಡುತ್ತೇನೆ. ಆದರೆ ಬೀದಿಬದಿಯ ಅಗ್ಗದ ಲಿವರ್ ಬೀಗದ ಕಿಂಡಿಗೆ ಟಾರ್ಚ್ ಹಿಡಿದು ನೋಡಿ. ಕಿಂಡಿಯ ಮೇಲೆ ಧೂಳು ತಡೆಯಲು ಇಟ್ಟ ಆಡುವ ಮುಚ್ಚಳವನ್ನು ಸರಿಸಿದರೆ ಲಿವರ್‌ಗಳ ಸಾಲು ನೇರವಾಗಿ ಕಾಣುತ್ತದೆ. ಕಾಣುವುದಕ್ಕೆ ತಡೆಯಿಲ್ಲದಲ್ಲಿ ಮುಟ್ಟುವುದಕ್ಕೂ ತಡೆಯಿಲ್ಲ.

ಇತ್ತೀಚೆಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚು ಕಾಣುವುದು ಮೈಮೇಲೆ ಗುಳಿಗಳಿರುವ ಡಿಂಪಲ್ ಕೀ. ಸ್ವಿಟ್ಸರ್ಲೆಂಡಿನ ಕಾಬಾ ಕಂಪನಿ 1934ರಲ್ಲಿ ಎರಡೂ ಕಡೆ ತಿರುಗಿಸಿ ಹಾಕಬಹುದಾದ ಈ ಬಗೆಯ ಕೀ ತಂದಿತು. ಕೀ ನೋಡಲು ಆಧುನಿಕ, ಬೆಲೆಯೂ ಜಾಸ್ತಿ, ಹಾಗಾಗಿ ಭದ್ರತೆಯೂ ಜಾಸ್ತಿ ಎಂಬ ನಂಬಿಕೆ ಬೆಳೆದಿದೆ. ಒಳ್ಳೆಯ ತಯಾರಿಕೆಯಲ್ಲಿ ಅದು ನಿಜ. ಅಗ್ಗದ ಡಿಂಪಲ್ ಬೀಗದಲ್ಲಿ ಕಿಂಡಿ ಒಂದು ಅಗಲವಾದ ಆಯತ, ಏಣೇ ಇಲ್ಲ ಅನ್ನುವಷ್ಟು ಬಯಲು. ಯೇಲ್ ಒಂದೂವರೆ ಶತಮಾನದ ಹಿಂದೆ ಮಾಡಿ ಆಮೇಲೆ ತಿದ್ದಿಕೊಂಡ ತಪ್ಪೇ ಅಡ್ಡಲಾಗಿ ಮಲಗಿ ಮತ್ತೆ ಬಂದಿದೆ. ಈ ಬೀಗಗಳನ್ನು ಕೊಳ್ಳುವಾಗ ಕೀಯ ಹೊಳಪಿಗೆ ಮರುಳಾಗದೆ ಅದರ ಅಡ್ಡಕೊಯ್ತ ನೋಡಬೇಕು. ಅಂಚುಗಳಲ್ಲಿ ತೋಡುಗಳಿವೆಯೇ, ಕಿಂಡಿ ಅದಕ್ಕೆ ತಕ್ಕಂತೆ ಸೊಟ್ಟಗಿದೆಯೇ ಎಂದು.

ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ಕಂಡುಹಿಡಿದ ಆಬ್ಲಾಯ್ ಬೀಗದಲ್ಲಿ ಸಮಸ್ಯೆಯನ್ನೇ ಬದಲಿಸಲಾಯಿತು. ಅಲ್ಲಿ ಪಿನ್ ಇಲ್ಲ, ಸ್ಪ್ರಿಂಗ್ ಇಲ್ಲ. ಬಿಲ್ಲೆಗಳ ಸರಣಿಯ ನಡುವಿನ ತೂತೇ ಕಿಂಡಿ. ಪ್ರತಿ ಬಿಲ್ಲೆಯನ್ನೂ ಅದರದರ ಕೋನಕ್ಕೆ ತಿರುಗಿಸಬೇಕು. ಎತ್ತುವ ತಂತಿ ಇಲ್ಲಿ ನಿರುಪಯೋಗಿ. ಅದಕ್ಕೆಂದೇ ಮಾಡಿದ ವಿಶೇಷ ಸಾಧನ ಬೇಕು.

ಹಾಗೆಂದು ಕಿಂಡಿಯೊಂದನ್ನೇ ನಂಬುವುದು ಹಳೆಯ ಯುರೋಪಿನವರು ಏಣುಗಳನ್ನು ನಂಬಿದ ಹಾಗೆಯೇ ಆದೀತು. ಅಭ್ಯಾಸ ಇದ್ದವರು ಕಡಿದಾದ ಕಿಂಡಿಯನ್ನೂ ದಾಟುತ್ತಾರೆ, ತೆಳು ಪಿಕ್ ಮಾಡಿಕೊಳ್ಳುತ್ತಾರೆ, ಒತ್ತಡದ ಪಟ್ಟಿಯನ್ನು ಕಿಂಡಿಯ ಅಂಚಿಗೆ ಸರಿಸಿ ಉಳಿದ ಜಾಗ ಉಳಿಸುತ್ತಾರೆ. ಆದ್ದರಿಂದ ಒಳ್ಳೆಯ ತಯಾರಕರು ಇಕ್ಕಟ್ಟಿನ ಕಿಂಡಿಯ ಜೊತೆ ಸೊಂಟ ಸಣ್ಣಗಿರುವ ಸ್ಪೂಲ್ ಪಿನ್‌ಗಳನ್ನು ಹಾಕುತ್ತಾರೆ. ಇವು ಗಡಿರೇಖೆಗೆ ಬಂದಂತೆ ನಟಿಸಿ ಸಿಕ್ಕಿಕೊಳ್ಳುತ್ತವೆ, ಅವನ್ನು ಬಿಡಿಸಲು ಬೆರಳಿನ ಸೂಕ್ಷ್ಮ ಬೇಕು. ಆ ಸೂಕ್ಷ್ಮವನ್ನೇ ಕಿಂಡಿ ಕಸಿದುಕೊಂಡಿರುತ್ತದೆ. ಎರಡೂ ಸೇರಿದಾಗಲೇ ಬಲ. ಅಮೆರಿಕದ ಯುಎಲ್ 437 ಮಾನದಂಡ ಉನ್ನತ ಭದ್ರತೆಯ ಬೀಗ ಪಿಕ್‌ಗೆ ಎದುರಾಗಿ 10 ನಿಮಿಷ ನಿಲ್ಲಬೇಕೆಂದು ಕೇಳುತ್ತದೆ. ಎಂದೆಂದಿಗೂ ತೆರೆಯಬಾರದು ಎಂದು ಅದು ಕೇಳುವುದಿಲ್ಲ. ಬೀಗ ಮಾರುವುದು ಸಮಯವನ್ನು.

ಸೊಟ್ಟ ಕಿಂಡಿಗೆ ಬೆಲೆಯೂ ತೆರಬೇಕು. ತಯಾರಿಕೆಯಲ್ಲಿ ಪ್ಲಗ್‌ನ ಮೂಲಕ ಬ್ರೋಚ್ ಎಂಬ ಹಲ್ಲುಹಲ್ಲಿನ ಉದ್ದ ಉಳಿಯನ್ನು ಎಳೆದು ಕಿಂಡಿ ಕೊರೆಯುತ್ತಾರೆ. ಪ್ರತಿ ಆಕಾರಕ್ಕೂ ಬೇರೆ ಬ್ರೋಚ್. ಅದು ಸವೆದರೆ ಕಿಂಡಿ ಸಡಿಲ. ಕೀಯ ದಪ್ಪ 2 ಮಿ.ಮೀ. ಎಂದುಕೊಂಡರೆ ನಡುಗೆರೆ ದಾಟಿದ ತೋಡಿನ ಬುಡದಲ್ಲಿ ಉಳಿಯುವ ಲೋಹ ಒಂದು ಮಿ.ಮೀ.ಗೂ ಕಡಿಮೆ. ಬಾಗಿಲು ಜಗ್ಗಿ ಬೀಗ ಬಿಗಿಯಾದ ಮನೆಯಲ್ಲಿ ಇಂಥ ಕೀ ತಿರುಚುತ್ತದೆ, ಒಮ್ಮೊಮ್ಮೆ ಒಳಗೇ ಮುರಿಯುತ್ತದೆ. ಧೂಳಿಗೂ ಈ ತಿರುವುಗಳೆಂದರೆ ಇಷ್ಟ. ಕರಾವಳಿಯಲ್ಲೂ ಮಲೆನಾಡಲ್ಲೂ ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವ ರೂಢಿ ಇದೆ. ಹಳೆಯ ದೊಡ್ಡ ಲಿವರ್ ಬೀಗ ಅದನ್ನು ಹೇಗೋ ಸಹಿಸಿಕೊಳ್ಳುತ್ತದೆ. ಪಿನ್ ಬೀಗದ ಸಣ್ಣ ಕಿಂಡಿಗೆ ಎಣ್ಣೆ ಬಿಟ್ಟರೆ ಧೂಳು ಅಂಟಿ ಪಿನ್‌ಗಳು ಜಡವಾಗುತ್ತವೆ. ಅಲ್ಲಿಗೆ ಗ್ರಾಫೈಟ್ ಪುಡಿಯೇ ಸರಿ.

ಈಗ ನಮ್ಮೂರಿನ ಪ್ರಶ್ನೆ. ಪತ್ರಿಕೆಯಲ್ಲಿ ನಾವು ಓದುವುದು ಬೀಗ ಮುರಿದು ಕಳ್ಳತನ ಎಂದು. ಕಬ್ಬಿಣದ ಸಲಾಕೆಯಿಂದ ಚಿಲಕವನ್ನೇ ಮೀಟುವವನಿಗೆ ಕಿಂಡಿಯ ಆಕಾರ ಎಂಥದಾದರೇನು? ಈ ಆಕ್ಷೇಪ ಸರಿಯಾದದ್ದೇ. ಪಿಕ್ ಹಿಡಿದು ಬರುವ ಕಳ್ಳ ನಮ್ಮಲ್ಲಿ ವಿರಳ. ಆದರೆ ಕಿಂಡಿಗೆ ಎರಡನೆಯದೊಂದು ಕೆಲಸವಿದೆ. ನಮ್ಮ ಊರುಗಳಿಗೆ ಅದೇ ಹೆಚ್ಚು ಮುಖ್ಯ ಎಂದು ನಾನು ನಂಬುತ್ತೇನೆ. ಕೀಯ ನಕಲನ್ನು ಯಾರು ಮಾಡಿಸಬಲ್ಲರು ಎಂಬುದನ್ನು ನಿರ್ಧರಿಸುವುದು ಕಿಂಡಿಯ ಆಕಾರ.

ಬಸ್ ನಿಲ್ದಾಣದ ಪಕ್ಕ ಡೂಪ್ಲಿಕೇಟ್ ಕೀ ಮಾಡುವವರ ಕೈ ನೋಡಿ. ಕೀ ಕೊಟ್ಟ ತಕ್ಷಣ ಅವರು ಹಲ್ಲುಗಳನ್ನು ನೋಡುವುದಿಲ್ಲ. ತುದಿಯನ್ನು ಕಣ್ಣಿಗೆ ಹಿಡಿದು ತೋಡು ನೋಡುತ್ತಾರೆ. ಹಿಂದಿನ ಹಲಗೆಯಲ್ಲಿ ನೇತುಹಾಕಿದ, ಇನ್ನೂ ಹಲ್ಲು ಕೊರೆಯದ ನೂರಾರು ಬ್ಲ್ಯಾಂಕ್‌ಗಳಲ್ಲಿ ಒಂದನ್ನು ತೆಗೆದು ತುದಿಗೆ ತುದಿ ಇಟ್ಟು ಹೋಲಿಸುತ್ತಾರೆ, ಮೈಗೆ ಮೈ ಉಜ್ಜಿ ನೋಡುತ್ತಾರೆ. ಹೊಂದಿತೆಂದರೆ ಉಳಿದದ್ದು ಯಂತ್ರದ ಕೆಲಸ. ಒಂದು ಕಡೆ ಅಸಲು ಕೀಯ ಅಂಚಿನ ಮೇಲೆ ಮುಳ್ಳು ಓಡುತ್ತದೆ, ಇನ್ನೊಂದು ಕಡೆ ಚಕ್ರ ಅದನ್ನೇ ಬ್ಲ್ಯಾಂಕ್‌ನಲ್ಲಿ ಕೊರೆಯುತ್ತದೆ. ಬ್ಲ್ಯಾಂಕ್ ಸಿಗದಿದ್ದರೆ ಮಾತ್ರ ಅವರು ತಲೆ ಅಲ್ಲಾಡಿಸುತ್ತಾರೆ. ಕೆಲವೊಮ್ಮೆ ಅದಕ್ಕಿಂತ ತೆಳುವಾದ ಇನ್ನೊಂದನ್ನು ತೆಗೆದು ಅರದಿಂದ ಉಜ್ಜಿ ತೂರಿಸುವುದೂ ಉಂಟು. ಮಧ್ಯಯುಗದ ಸ್ಕೆಲಿಟನ್ ಕೀಯ ಕಿರಿಯ ಸೋದರ ಅದು. ಕೀಯ ಮೇಲೆ ನಕಲು ಮಾಡಬೇಡಿ ಎಂದು ಅಚ್ಚು ಹಾಕಿಸಿದರೆ ಯಾರೂ ಕೇಳುವುದಿಲ್ಲ. ಬ್ಲ್ಯಾಂಕ್ ಇಲ್ಲದಿರುವುದು ಮಾತ್ರ ತಡೆ.

ಬಾಡಿಗೆ ಮನೆ, ಹಾಸ್ಟೆಲ್, ಕಚೇರಿ, ಪೇಯಿಂಗ್ ಗೆಸ್ಟ್ ಕೋಣೆಗಳ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಹಿಂದಿನ ಬಾಡಿಗೆದಾರ ಎಷ್ಟು ಕೀ ವಾಪಸು ಕೊಟ್ಟ ಎಂಬುದು ಗೊತ್ತಿರುತ್ತದೆ, ಎಷ್ಟು ಮಾಡಿಸಿದ್ದ ಎಂಬುದು ಗೊತ್ತಿರುವುದಿಲ್ಲ.

ಬೀಗದ ಕಂಪನಿಗಳು ಇದನ್ನು ಚೆನ್ನಾಗಿ ಬಲ್ಲವು. ದೊಡ್ಡ ಕಟ್ಟಡಗಳಿಗೆ ಅವು ಕಿಂಡಿಗಳ ಕುಟುಂಬವನ್ನೇ ಮಾಡುತ್ತವೆ. ಒಂದು ಮಹಡಿಗೆ ಒಂದು ಆಕಾರ, ಇನ್ನೊಂದಕ್ಕೆ ತುಸು ಬೇರೆ, ಎಲ್ಲದರೊಳಗೂ ಹೋಗುವಷ್ಟು ತೆಳುವಾದ ಮಾಸ್ಟರ್ ಕೀ. ಉನ್ನತ ಭದ್ರತೆಯ ಬೀಗಗಳಿಗೆ ಪೇಟೆಂಟ್ ಇರುವ ಪ್ರೊಫೈಲ್, ಅಂದರೆ ಅಡ್ಡಕೊಯ್ತದ ಆಕಾರ, ಕೊಟ್ಟು, ಬ್ಲ್ಯಾಂಕ್‌ಗಳನ್ನು ಅಧಿಕೃತ ಅಂಗಡಿಗಳಿಗೆ ಮಾತ್ರ ಕಳಿಸಿ, ಕಾರ್ಡ್ ತೋರಿಸಿದರಷ್ಟೇ ನಕಲು ಎಂಬ ನಿಯಮ ಮಾಡುತ್ತವೆ. ಪೇಟೆಂಟ್ ಆಯುಸ್ಸು 20 ವರ್ಷ. ಅದು ತೀರುವ ಹೊತ್ತಿಗೆ ಕೀಯ ಮೈಯಲ್ಲಿ ಹೊಸದೊಂದು ಮೆಟ್ಟಿಲೋ ತೋಡೋ ಸೇರಿ ಹೊಸ ಮಾದರಿ ಬರುತ್ತದೆ. ಇದರಲ್ಲಿ ವ್ಯಾಪಾರ ಎಷ್ಟು, ಭದ್ರತೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಇವೆ. 2003ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮ್ಯಾಟ್ ಬ್ಲೇಜ್ ಒಂದು ಪ್ರಬಂಧ ಪ್ರಕಟಿಸಿ, ಮಾಸ್ಟರ್ ಕೀ ವ್ಯವಸ್ಥೆ ಇರುವ ಕಟ್ಟಡದಲ್ಲಿ ಒಬ್ಬ ಸಾಮಾನ್ಯ ಬಳಕೆದಾರ ತನ್ನ ಬೀಗ, ತನ್ನ ಕೀ ಮತ್ತು ಕೆಲವೇ ಬ್ಲ್ಯಾಂಕ್‌ಗಳಿಂದ ಇಡೀ ಕಟ್ಟಡದ ಮಾಸ್ಟರ್ ಕೀಯನ್ನು ಊಹಿಸಬಹುದೆಂದು ತೋರಿಸಿದರು. ಬ್ಲ್ಯಾಂಕ್ ಸಿಗದಿರುವುದೇ ಅಲ್ಲಿ ಉಳಿದಿದ್ದ ದೊಡ್ಡ ಅಡ್ಡಿ.

ಆ ಅಡ್ಡಿಯೂ ಈಗ ಸಡಿಲವಾಗಿದೆ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್‌ನ ಸಂಶೋಧಕರು ಸುಮಾರು 60 ಮೀಟರ್ ದೂರದ ಮಾಳಿಗೆಯಿಂದ ತೆಗೆದ ಫೋಟೊದಿಂದಲೇ ಮೇಜಿನ ಮೇಲಿದ್ದ ಕೀಯ ಹಲ್ಲುಗಳನ್ನು ಓದಿದರು. 2013ರಲ್ಲಿ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು ನಿರ್ಬಂಧಿತ ಪ್ರೊಫೈಲಿನ ಷ್ಲೇಜ್ ಪ್ರೈಮಸ್ ಕೀಯನ್ನು ತ್ರೀಡಿ ಪ್ರಿಂಟ್ ಮಾಡಿದರು. 2015ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಇನ್ನೂ ಮುಂದೆ ಹೋಯಿತು. ಕಿಂಡಿಯ ಒಂದು ಚಿತ್ರ ಕೊಟ್ಟರೆ ಅದಕ್ಕೆ ಹೊಂದುವ ಬ್ಲ್ಯಾಂಕನ್ನು ಪ್ರಿಂಟರ್‌ಗೆ ಬರೆದುಕೊಡುವ ಸಾಧನವನ್ನೇ ಅವರು ಮಾಡಿದರು. ಕಿಂಡಿ ಬಾಗಿಲ ಹೊರಗೆ ಎಲ್ಲರಿಗೂ ಕಾಣುವಂತಿರುವುದು. ಅದರ ಆಕಾರ ಯಾವತ್ತೂ ಗುಟ್ಟಾಗಿರಲಿಲ್ಲ. ಆ ಆಕಾರದ ಲೋಹ ಕೊಯ್ಯುವುದು ಕಷ್ಟವಾಗಿತ್ತು, ಅಷ್ಟೇ. ಅದೇ ವರ್ಷ ವಿಮಾನ ಪ್ರಯಾಣದ ಸೂಟ್‌ಕೇಸ್ ಬೀಗಗಳಿಗೆ ಅಮೆರಿಕದ ತಪಾಸಣಾ ಸಂಸ್ಥೆ ಬಳಸುವ ಮಾಸ್ಟರ್ ಕೀಗಳ ಫೋಟೊ ಒಂದು ಪತ್ರಿಕೆಯಿಂದ ಅಂತರ್ಜಾಲಕ್ಕೆ ಹರಡಿ, ಅವುಗಳ ತ್ರೀಡಿ ಫೈಲುಗಳೂ ಸಿದ್ಧವಾದವು. ಮಕ್ಕಳನ್ನು ನೋಡಲು ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವ ತಂದೆತಾಯಿಯರ ಪೆಟ್ಟಿಗೆಗಳಲ್ಲಿ ಕೆಂಪು ವಜ್ರದ ಗುರುತಿನ ಅದೇ ಬೀಗಗಳಿರುತ್ತವೆ. ಒಡವೆ, ದಾಖಲೆಗಳನ್ನು ಅದರೊಳಗೆ ಇಡದೆ ಕೈಚೀಲದಲ್ಲಿ ಒಯ್ಯುವುದೇ ಸರಿ.

ಪ್ರಿಂಟ್ ಮಾಡಿದ ಕೀಗಳಿಗೆ ತಯಾರಕರ ಈಗಿನ ಉತ್ತರ ಕೀಯಲ್ಲೇ ಚಲಿಸುವ ಭಾಗ. ಇಸ್ರೇಲಿನ ಮಲ್‌ಟಿಲಾಕ್ ಕಂಪನಿಯ ಕೆಲವು ಕೀಗಳ ಮೈಯಲ್ಲಿ ಸಡಿಲವಾಗಿ ಆಡುವ ಒಂದು ಪುಟ್ಟ ಪಿನ್ ಇದೆ. ಕೀ ಒಳಹೊಕ್ಕ ಮೇಲೆ ಅದು ಬೀಗದೊಳಗಿನ ಸ್ಪ್ರಿಂಗ್‌ನಿಂದ ತಳ್ಳಿಸಿಕೊಂಡು ಎದ್ದು ಎದುರಿನ ಪಿನ್ನನ್ನು ಎತ್ತುತ್ತದೆ. ಒಂದೇ ತುಂಡಾಗಿ ಪ್ರಿಂಟ್ ಮಾಡಿದ ಕೀ ಈ ಕೆಲಸ ಮಾಡಲಾರದು. ಇಂಥ ಸಿಲಿಂಡರ್ ದುಬಾರಿ. ಎಲ್ಲರ ಬಾಗಿಲಿಗೂ ಅದು ಬೇಕೆಂದು ನಾನು ಹೇಳುವುದಿಲ್ಲ. ಬಾಡಿಗೆ ಮನೆ ಸೇರುವವರಿಗೆ ಸುಲಭದ ದಾರಿ ಬೇರೆ ಇದೆ. ಯುರೋಪಿಯನ್ ಮಾದರಿಯ ಬಾಗಿಲು ಬೀಗದಲ್ಲಿ ಸಿಲಿಂಡರನ್ನು ಹಿಡಿದಿರುವುದು ಬಾಗಿಲಿನ ಅಂಚಿನಲ್ಲಿರುವ ಒಂದೇ ಒಂದು ಉದ್ದ ಸ್ಕ್ರೂ. ಅದನ್ನು ಬಿಚ್ಚಿ, ಕೀ ಹಾಕಿ ತುಸು ತಿರುಗಿಸಿದರೆ ಸಿಲಿಂಡರ್ ಹೊರಗೆ ಜಾರುತ್ತದೆ. ಹಳೆಯದನ್ನು ಮಾಲೀಕರಿಗೆ ಕೊಟ್ಟಿಡಿ. ಹೊಸದನ್ನು ಕೊಳ್ಳುವ ಮೊದಲು ಅದರ ಕೀ ಹಿಡಿದುಕೊಂಡು ಬೀದಿಯ ಕೀ ಅಂಗಡಿಗೆ ಹೋಗಿ, ಈ ತೋಡಿನ ಬ್ಲ್ಯಾಂಕ್ ಇದೆಯೇ ಎಂದು ಕೇಳಿ. ಇದೆ ಎಂದರೆ ಬೇರೆ ಬೀಗ ಹುಡುಕಿ.